ಹಳೆಯ ಪದ, ಹೊಸ ಕೊರಳು: ಶರೀಫರ ಹಾಡುಗಳ ಮರುಗಾಯನ

ಸಾಹಿತ್ಯ ಸಮ್ಮಿಲನದ ಸ್ಮರಣ ಸಂಚಿಕೆಯಲ್ಲಿ ಗಿಟಾರು, ಡ್ರಮ್ಮುಗಳ ಮಾತೇಕೆ ಎಂದು ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಿಗೆ ನಮ್ಮ ಉತ್ತರ ಇಷ್ಟೆ: ಪೋತ್ತನೂರು, ಕೊಯಮತ್ತೂರು, ತಿರುಪ್ಪೂರುಗಳ ಕನ್ನಡ ಮನೆಗಳಲ್ಲಿ ಇಂದು ಕನ್ನಡವನ್ನು ಓದುವವರಿಗಿಂತ ಕನ್ನಡವನ್ನು ಕೇಳುವವರೇ ಹೆಚ್ಚು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತದೆ. ಕನ್ನಡ ಅಕ್ಷರ ಅದರ ಕಣ್ಣಿಗೆ ಬೀಳುವುದು ಮದುವೆಯ ಕರೆಯೋಲೆಯಲ್ಲಿ, ದೇವರ ಪಟದ ಕೆಳಗೆ, ಅಥವಾ ನಾವು ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಇಂಥ ಸಂಚಿಕೆಯಲ್ಲಿ. ಅಂಥ ಮಗುವಿಗೆ ಕನ್ನಡ ಕಾವ್ಯವೆಂದರೆ ಕಿವಿಗೆ ಬಿದ್ದ ಹಾಡು. ಆ ಹಾಡನ್ನು ಯಾರು, ಹೇಗೆ ಹಾಡಿದರು ಎಂಬುದು ಆದ್ದರಿಂದ ನಮಗೆ ಬರಿಯ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬೆಂಗಳೂರಿನ ಕೇಳುಗನಿಗೆ ಹಾಡು ಹಿಡಿಸದಿದ್ದರೆ ಪುಸ್ತಕ ತೆರೆದು ಪದ್ಯ ಓದಿಕೊಳ್ಳುತ್ತಾನೆ. ನಮ್ಮ ಮಕ್ಕಳಿಗೆ ಆ ಎರಡನೆಯ ಬಾಗಿಲು ಇಲ್ಲ.

ಈ ಲೇಖನದ ವಿಷಯ, ಶಿಶುನಾಳ ಶರೀಫ ಸಾಹೇಬರ ತತ್ತ್ವಪದಗಳನ್ನು ರಘು ದೀಕ್ಷಿತ್ ಅವರ ವಾದ್ಯತಂಡ ಹೊಸದಾಗಿ ಹಾಡಿದ ಬಗೆ, ಮತ್ತು ಅದನ್ನು ಕೇಳಿ ಬೆಳೆದ ನಮ್ಮೂರಿನ ಮಕ್ಕಳ ಬಾಯಲ್ಲಿ ಆ ಪದಗಳು ಪಡೆದಿರುವ ರೂಪ.

ಮೊದಲು ಮೂಲದ ಮಾತು. ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ಕಾಲವಾದದ್ದು 1889ರಲ್ಲಿ. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಈ ಸಂಬಂಧದ ಬಗ್ಗೆ ಭಾಷಣಗಳಲ್ಲಿ ಬಹಳ ಕೇಳಿದ್ದೇವೆ, ಇಲ್ಲಿ ವಿಸ್ತರಿಸುವುದಿಲ್ಲ. ಅವರು ಕೆಲವು ಕಾಲ ಶಾಲಾ ಮಾಸ್ತರರಾಗಿದ್ದರು ಎಂಬುದನ್ನು ಮಾತ್ರ, ನಮ್ಮ ವೃತ್ತಿಯ ಅಭಿಮಾನದಿಂದ, ನೆನಪಿಸಬಯಸುತ್ತೇವೆ. ಶರೀಫರು ಪದ ಕಟ್ಟಿದರು. ಸ್ವರಲಿಪಿ ಬರೆದಿಡಲಿಲ್ಲ. ಅವು ಉಳಿದದ್ದು ಉತ್ತರ ಕರ್ನಾಟಕದ ಭಜನಾ ಮೇಳಗಳ ಬಾಯಲ್ಲಿ, ಏಕತಾರಿ, ತಾಳಗಳ ಜೊತೆಯಲ್ಲಿ, ಒಂದೊಂದು ಊರಿನಲ್ಲಿ ಒಂದೊಂದು ಮಟ್ಟಿನಲ್ಲಿ. ಶರೀಫರೇ ಹಾಡಿದ ಧಾಟಿ ಇದು ಎಂದು ಎದೆ ತಟ್ಟಿ ಹೇಳಬಲ್ಲವರು ಯಾರೂ ಇಲ್ಲ.

ಹಳೆಯ ಮೈಸೂರಿನವರ, ಅವರ ಮೂಲಕ ನಮ್ಮಂಥ ಹೊರನಾಡ ಕನ್ನಡಿಗರ ಕಿವಿಗೆ ಈ ಪದಗಳನ್ನು ತಲುಪಿಸಿದವರು ಮೂವರು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಹುಡುಕಿ, ಆರಿಸಿ, ಜನರ ಮುಂದಿಟ್ಟರು. ಆ ಕೆಲಸಕ್ಕಾಗಿ ಅವರಿಗೆ ‘ಶರೀಫ ಭಟ್ಟರು’ ಎಂಬ ಹೆಸರೇ ಬಂದಿತು. ಸಿ. ಅಶ್ವಥ್ ಅವುಗಳಿಗೆ ಮಟ್ಟು ಹಾಕಿದರು, ಹಾಡಿದರು. ಶಿವಮೊಗ್ಗ ಸುಬ್ಬಣ್ಣನವರು ತಮ್ಮ ಎತ್ತರದ, ಬಿಚ್ಚು ಕಂಠದಿಂದ ಕೆಲವನ್ನು ಮನೆಮಾತಾಗಿಸಿದರು. ಕ್ಯಾಸೆಟ್ಟಿನ ಕಾಲವದು. ಬೆಂಗಳೂರಿನಿಂದ ಬರುವ ಬಂಧುಗಳ ಚೀಲದಲ್ಲಿ ಮೈಸೂರುಪಾಕಿನ ಪೊಟ್ಟಣದ ಪಕ್ಕದಲ್ಲಿ ಒಂದೆರಡು ಕ್ಯಾಸೆಟ್ಟು ಇರುತ್ತಿದ್ದವು. ಒಂದು ಬೀದಿಗೆ ಒಂದು ಟೇಪ್ ರೆಕಾರ್ಡರು. ನಾವೆಲ್ಲ ಶರೀಫರನ್ನು ಅರಿತದ್ದು ಹಾಗೆ. ಆಮೇಲೆ 1990ರಲ್ಲಿ ಟಿ. ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಬಂದಿತು. ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವಥ್ ಅವರದೇ. ಅಲ್ಲಿಂದಾಚೆಗೆ ಶರೀಫರ ಪದವೆಂದರೆ ಅಶ್ವಥ್ ಅವರ ಮಟ್ಟು ಎಂಬಷ್ಟರ ಮಟ್ಟಿಗೆ ಎರಡೂ ಬೆಸೆದುಹೋದವು.

ಇಲ್ಲಿಯೇ ನಮ್ಮ ಮೊದಲ ವಿಮರ್ಶೆಯ ಮಾತನ್ನು ಹೇಳಬೇಕು. ರಘು ದೀಕ್ಷಿತ್ ‘ಮೂಲ’ವನ್ನು ಕೆಡಿಸಿದರು ಎಂದು ನಮ್ಮ ಓರಗೆಯವರು ಹೇಳುವಾಗ ಮೂಲವೆಂದು ಅವರ ಮನಸ್ಸಿನಲ್ಲಿರುವುದು ಅಶ್ವಥ್ ಅವರ ಕ್ಯಾಸೆಟ್ಟು. ಆದರೆ ಅದು ಶರೀಫರು ತೀರಿಕೊಂಡು ಸುಮಾರು ತೊಂಬತ್ತು ವರ್ಷಗಳಾದ ಮೇಲೆ ಬೆಂಗಳೂರಿನಲ್ಲಿ ನಡೆದ ಮರುಗಾಯನ. ಹಾರ್ಮೋನಿಯಂ, ತಬಲ, ಪಿಟೀಲು, ಮೇಳದ ಕೊರಳುಗಳು ಎಲ್ಲವನ್ನೂ ಕೂಡಿಸಿ ಮಾಡಿದ ಹೊಸ ರಚನೆ. ಶಿಗ್ಗಾಂವಿಯ ಕಡೆಯ ಒಬ್ಬ ಹಳೆಯ ಭಜನೆಯವರು ಅದನ್ನು ಮೊದಲ ಬಾರಿಗೆ ಕೇಳಿ “ಇದೇನ್ರೀ, ನಮ್ಮ ಪದಕ್ಕ ಸಿನಿಮಾದ ಅಂಗಿ ತೊಡಿಸ್ಯಾರ” ಎಂದಿದ್ದರೆ ಅವರನ್ನು ಹೇಗೆ ತಪ್ಪೆನ್ನುವುದು? ಅಶ್ವಥ್ ಅವರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಕುಗ್ಗುವುದು, ಒಂದು ಮರುಗಾಯನವನ್ನು ಮೂಲವೆಂದು ಕೂರಿಸಿ ಇನ್ನೊಂದನ್ನು ಕಳ್ಳಮಾಲೆಂದು ಹೊರದೂಡುವ ನಮ್ಮ ಹಕ್ಕು ಮಾತ್ರ.

ಮೆಚ್ಚಿದವರ ಹಾಡನ್ನು ಮತ್ತೊಬ್ಬರು ಹಾಡಿ ಗೌರವಿಸುವುದು ಲೋಕದಲ್ಲೆಲ್ಲ ಇದೆ. ಫಿಲಿಪೀನ್ಸ್ ದೇಶದಲ್ಲಿ ಎರೇಸರ್‌ಹೆಡ್ಸ್ ಎಂಬ ರಾಕ್ ತಂಡವಿತ್ತು. 1989ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ್ದು. 1993ರಲ್ಲಿ ಅವರ ಮೊದಲ ಧ್ವನಿಸಂಪುಟ ಬಂದಾಗ ಆ ದೇಶದ ಎಳೆಯರು ತಮ್ಮ ಆಡುಮಾತಿನ ತಗಾಲೊಗ್ ಭಾಷೆಯಲ್ಲಿ ತಮ್ಮದೇ ಜೀವನದ ಹಾಡು ಸಿಕ್ಕಿತೆಂದು ಅಪ್ಪಿಕೊಂಡರಂತೆ. 2002ರಲ್ಲಿ ತಂಡ ಚದುರಿತು. ಮೂರು ವರ್ಷಗಳ ಮೇಲೆ, 2005ರಲ್ಲಿ, ಅಲ್ಲಿನ ಹಲವು ಗಾಯಕರೂ ತಂಡಗಳೂ ಸೇರಿ ಅವರ ಹಾಡುಗಳನ್ನೇ ತಮ್ಮ ತಮ್ಮ ರೀತಿಯಲ್ಲಿ ಹಾಡಿ ಒಂದು ಗೌರವ ಸಂಪುಟ ಹೊರತಂದರು. ಅದರಲ್ಲಿ ನಮಗೆ ಹಿಡಿಸಿದ ಸಂಗತಿ ಒಂದಿದೆ. ಆ ತಂಡದ ಅತ್ಯಂತ ಹೆಸರಾದ ಹಾಡನ್ನು ಅಲ್ಲಿ ಹಾಡಿದವರು ರಿಕೊ ಜೆ. ಪುನೊ. ಅವರು 1970ರ ದಶಕದಲ್ಲಿಯೇ ಖ್ಯಾತರಾಗಿದ್ದ, ಆ ಹುಡುಗರಿಗಿಂತ ಒಂದು ತಲೆಮಾರು ಹಿರಿಯರಾದ ಗಾಯಕರು. ಹಿರಿಯರು ಕಿರಿಯರ ಹಾಡನ್ನು ಎತ್ತಿಕೊಂಡು ಹಾಡುವುದು! ನಮ್ಮಲ್ಲಿ ಹೊಳೆ ಯಾವಾಗಲೂ ಒಂದೇ ದಿಕ್ಕಿಗೆ ಹರಿಯಬೇಕು. ಕಿರಿಯರು ಹಾಡಬೇಕು, ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸಬೇಕು ಅಥವಾ ಆಡಿಸದಿರಬೇಕು.

ಇನ್ನು ರಘು ದೀಕ್ಷಿತ್ ಅವರ ವಿಷಯ. ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಭರತನಾಟ್ಯ ಕಲಿತವರು. ವೇದಿಕೆಯ ಮೇಲೆ ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರು ಹಿಡಿದು ನಿಲ್ಲುತ್ತಾರೆ. ಅವರ ತಂಡದ ಮೊದಲ ಸಂಪುಟ 2008ರಲ್ಲಿ ಹೊರಬಂದಿತು. ಹಿಂದಿ, ಕನ್ನಡ, ಇಂಗ್ಲಿಷ್ ಹಾಡುಗಳ ಮಿಶ್ರಣ. ಎಂಟು ಹಾಡುಗಳಲ್ಲಿ ಎರಡು ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಮರುವರ್ಷ ಆ ದೇಶದ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯೂ ಬಂದಿತು. 2013ರ ಎರಡನೆಯ ಸಂಪುಟದಲ್ಲಿಯೂ ಶರೀಫರನ್ನು ಬಿಡಲಿಲ್ಲ.

ಎಂಟರಲ್ಲಿ ಎರಡು ಎಂಬ ಲೆಕ್ಕವನ್ನು ಗಮನಿಸಬೇಕು. ಹೊಸಬನೊಬ್ಬ ತನ್ನ ಮೊದಲ ಸಂಪುಟದಲ್ಲಿ, ದೇಶದಾದ್ಯಂತದ ಕೇಳುಗರನ್ನು ಗೆಲ್ಲಬೇಕಾದ ಹೊತ್ತಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಧುವಿನ ಪದಗಳಿಗೆ ಕಾಲುಭಾಗ ಜಾಗ ಕೊಟ್ಟನಲ್ಲ! ಇದನ್ನು ವ್ಯಾಪಾರದ ಬುದ್ಧಿ ಎನ್ನಲು ನಮಗೆ ನಾಲಿಗೆ ಬಾರದು. ಆ ಬುದ್ಧಿ ಇದ್ದಿದ್ದರೆ ಎರಡೂ ಜಾಗಕ್ಕೆ ಹಿಂದಿಯನ್ನೇ ತರುತ್ತಿದ್ದರು.

ಎರಡನೆಯದು, ಶೀರ್ಷಿಕೆಯಲ್ಲಿಯೇ ಕಾಣುವ ಒಂದು ಎಚ್ಚರ. ‘ಮನೆಯ ಮಾಳಿಗೆ’ ಎನ್ನದೆ ‘ಮನಿಯ ಮಾಳಿಗಿ’ ಎಂದಿದ್ದಾರೆ. ಧಾರವಾಡದ ಕಡೆಯ ಉಚ್ಚಾರ ಅದು. ಮೈಸೂರಿನಲ್ಲಿ ಬೆಳೆದ ನಾಲಿಗೆಗೆ ‘ಮನೆ’ಯೇ ಸಹಜ, ‘ಮನಿ’ ಎನ್ನಬೇಕಾದರೆ ಪ್ರಯತ್ನ ಬೇಕು. ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಕೊಳ್ಳದೆ ಪದವನ್ನು ಅದರ ಊರಿನ ದನಿಯಲ್ಲಿಯೇ ಇಟ್ಟುದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಪಾಠಾಂತರವನ್ನು ಹೀಗೆ ಗೌರವಿಸಿದ ರಾಕ್ ಗಾಯಕನನ್ನು ಕಂಡು ಗ್ರಂಥಸಂಪಾದಕರೂ ಸಂತೋಷಪಡಬೇಕು.

ಗುಡುಗುಡಿಯ ಪದದಲ್ಲಿ ಅವರ ರೀತಿ ಬಹುಮಟ್ಟಿಗೆ ಗೆಲ್ಲುತ್ತದೆ. ಆ ಪದ ಒಂದು ರೂಪಕದ ಆಟ. ಗುಡುಗುಡಿಯ ಒಂದೊಂದು ಭಾಗವನ್ನೂ, ಸೇದುವ ಒಂದೊಂದು ಕ್ರಿಯೆಯನ್ನೂ ಶರೀಫರು ಮನಸ್ಸು, ವಿಷಯಸುಖ, ಬುದ್ಧಿಗಳಿಗೆ ಹೊಂದಿಸುತ್ತಾ ಹೋಗುತ್ತಾರೆ. ಚಟದ ಸಾಮಗ್ರಿಯನ್ನೇ ಸಾಧನೆಯ ಸಾಮಗ್ರಿ ಮಾಡುವ ತುಂಟತನ ಅದು. ನಮ್ಮ ಭಾವಗೀತೆಯ ಗಾಯಕರು ಹಲವರು ಇದನ್ನು ಕಣ್ಣು ಮುಚ್ಚಿ, ಭಕ್ತಿಯ ಭಾರದಿಂದ ಹಾಡುವುದನ್ನು ಕೇಳಿದ್ದೇವೆ. ಆಗ ಪದದೊಳಗಿನ ನಗು ಸತ್ತುಹೋಗುತ್ತದೆ. ರಘು ದೀಕ್ಷಿತ್ ಅವರ ಹಾಡಿಕೆಯಲ್ಲಿ ಆ ನಗು ಮರಳಿ ಬಂದಿದೆ. ಲಯಕ್ಕೆ ಒಂದು ಕುಣಿತವಿದೆ, ಪಿಟೀಲು ನಡುನಡುವೆ ಕೆಣಕುತ್ತದೆ, ದನಿಯಲ್ಲಿ ‘ಒಂದು ಸಲ ಸೇದಿಯಾದರೂ ನೋಡೋ ಮಾರಾಯ’ ಎಂಬ ಸಲುಗೆಯಿದೆ. ಶರೀಫರು ಕಟ್ಟೆಯ ಮೇಲೆ ಕುಳಿತು ಎದುರಿನವನನ್ನು ಉದ್ದೇಶಿಸಿ ಹಾಡಿದ್ದರೆ ಹೀಗೆಯೇ ಕೆಣಕುತ್ತಿದ್ದರು ಎನಿಸುತ್ತದೆ.

ಮಾಳಿಗೆಯ ಪದದಲ್ಲಿ ನಮ್ಮ ಒಲವು ಅಶ್ವಥ್ ಅವರ ಕಡೆಗೇ. ಕಾರಣ ಹಳೆಯದರ ಮೋಹವಲ್ಲ. ಆ ಪದದ ತಿರುಳು ಅಸಹಾಯಕತೆ. ಮನೆ ಸೋರುತ್ತಿದೆ, ಕತ್ತಲೆ ಕವಿದಿದೆ, ಹತ್ತಿ ಸರಿಮಾಡಲು ತ್ರಾಣವಿಲ್ಲ, ಸೋರಿಕೆಗೆ ಕಾರಣ ಅಜ್ಞಾನ. ಅಶ್ವಥ್ ಅವರ ಗಂಟಲು ಒಡೆದ ಗಡಿಗೆಯ ಹಾಗೆ. ಎತ್ತರಿಸಿದಾಗ ಅದರಲ್ಲಿ ಒಂದು ಬಿರುಕು ಕೇಳುತ್ತದೆ. ಆ ಬಿರುಕೇ ಈ ಪದಕ್ಕೆ ತಕ್ಕುದು. ರಘು ದೀಕ್ಷಿತ್ ಅವರ ಕೊರಳು ಬಲಶಾಲಿ, ತುಂಬಿದ್ದು. ಹತ್ತಲಾರೆ ಎನ್ನುವವನ ದನಿಯಂತೆ ಅದು ಕೇಳುವುದಿಲ್ಲ. ಈತ ಮನಸ್ಸು ಮಾಡಿದರೆ ಒಂದೇ ನೆಗೆತಕ್ಕೆ ಮಾಳಿಗೆಯ ಮೇಲಿರುತ್ತಾನೆ ಎನಿಸಿಬಿಡುತ್ತದೆ. ವಾದ್ಯಗಳೂ ಕೂಡಿಕೊಂಡಾಗ ದುಃಖ ಹೋಗಿ ಉತ್ಸಾಹ ಬರುತ್ತದೆ. ಉತ್ಸಾಹ ಕೆಟ್ಟದ್ದಲ್ಲ, ಆ ಮನೆಗೆ ಸೇರಿದ್ದಲ್ಲ ಅಷ್ಟೆ.

ಇನ್ನೊಂದು ಆಕ್ಷೇಪಣೆ ಅಂಕಿತದ ಕುರಿತಾದದ್ದು. ತತ್ತ್ವಪದದ ಕಡೆಯ ನುಡಿಯಲ್ಲಿ ಶಿಶುನಾಳಾಧೀಶನ ಹೆಸರು ಬರುತ್ತದೆ. ಅದು ಬರಿಯ ಸಹಿ ಅಲ್ಲ. ಅಲ್ಲಿಯವರೆಗೆ ಒಗಟಾಗಿ, ಚೇಷ್ಟೆಯಾಗಿ ಹರಿದ ಪದ ಅಲ್ಲಿ ಒಂದು ಕ್ಷಣ ನಿಂತು ಕೈಮುಗಿಯುತ್ತದೆ. ಹಳೆಯ ಗಾಯಕರು ಅಂಕಿತದ ಬಳಿ ಲಯವನ್ನು ತುಸು ತಗ್ಗಿಸುತ್ತಾರೆ. ರಾಕ್ ಹಾಡಿನ ಶಿಸ್ತು ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಕೊನೆಗೆ ಬಂದಂತೆ ಸದ್ದು ಏರಬೇಕು, ಸಭಿಕರು ಕೂಗಬೇಕು. ಸಭೆಯಲ್ಲಿ ಹಾಡುವಾಗಲಂತೂ ಅಂಕಿತದ ಹೊತ್ತಿಗೆ ಸಭಿಕರ ಕೇಕೆ ಕವಿದು ಹೆಸರೇ ಕೇಳುವುದಿಲ್ಲ. ಫಲವೇನೆಂದರೆ, ನಮ್ಮ ಮಕ್ಕಳಿಗೆ ಇವು ‘ರಘು ದೀಕ್ಷಿತ್ ಸಾಂಗ್’. ಯಾರು ಬರೆದದ್ದು ಎಂದರೆ “ಅವರೇ” ಎನ್ನುತ್ತಾರೆ. ಕವಿ ತನ್ನ ಹೆಸರನ್ನು ಹಾಡಿನೊಳಗೇ ಹೊಲಿದಿಟ್ಟಿದ್ದರೂ ಬಿಚ್ಚಿಹೋಗಿದೆ. ಮೊಬೈಲಿನಲ್ಲಿ ಹಾಡು ಕೇಳುವ ಕಾಲದಲ್ಲಿ ಕ್ಯಾಸೆಟ್ಟಿನ ಮೇಲಿನ ಕಾಗದವೂ ಇಲ್ಲ. ಹಾಗಾಗಿ ಅಂಕಿತವನ್ನು ಸ್ಪಷ್ಟವಾಗಿ ಹಾಡುವ ಹೊಣೆ ಈಗ ಮೊದಲಿಗಿಂತ ಹೆಚ್ಚು.

ಇಷ್ಟು ಎಲ್ಲ ಊರಿನ ಕನ್ನಡಿಗರಿಗೂ ಅನ್ವಯಿಸುವ ಮಾತು. ನಮ್ಮ ಊರಿಗೇ ವಿಶೇಷವಾದ ತೊಡಕು ಇನ್ನೊಂದು ಇದೆ. ಅದು ತಮಿಳು ಕಲಿತ ಕಿವಿಯದು.

ಕಳೆದ ವರ್ಷ ಸಂಘದ ಮಕ್ಕಳ ಕಾರ್ಯಕ್ರಮಕ್ಕೆ ಮಾಳಿಗೆಯ ಪದವನ್ನು ಅಭ್ಯಾಸ ಮಾಡುತ್ತಿದ್ದ ನಮ್ಮ ಮೊಮ್ಮಗಳು, “ತಾತಾ, ಮಳಿಗೆ ಸೋರಿದ್ರೆ ಅಕ್ಕಿ ಬೇಳೆ ಎಲ್ಲ ನೆನೆದು ಹೋಗಲ್ವಾ?” ಎಂದು ಕೇಳಿದಳು. ತಮಿಳಿನಲ್ಲಿ ‘ಮಳಿಗೈ’ ಎಂದರೆ ದಿನಸಿ, ‘ಮಳಿಗೈ ಕಡೈ’ ದಿನಸಿ ಅಂಗಡಿ. ಅವಳ ಮನಸ್ಸಿನಲ್ಲಿ ಸೋರುತ್ತಿದ್ದದ್ದು ಬೀದಿಯ ಕೊನೆಯ ಅಂಗಡಿ. ಜೊತೆಯಲ್ಲಿದ್ದ ಸ್ವಲ್ಪ ದೊಡ್ಡ ಹುಡುಗ “ಅಲ್ಲ, ಅದು ಮಾಳಿಗೈ, ಅರಮನೆ” ಎಂದು ತಿದ್ದಿದ. ಅವನ ತಮಿಳು ಸರಿ. ಅರಮನೆ ಸೋರುವುದೂ ಒಂದು ರೂಪಕವಾಗಬಹುದು. ಆದರೆ ಶರೀಫರ ಮಾಳಿಗೆ ಅರಮನೆಯೂ ಅಲ್ಲ, ಅಂಗಡಿಯೂ ಅಲ್ಲ. ಬಯಲುಸೀಮೆಯ ಬಡವರ ಮನೆಯ ಮಟ್ಟಸ ಮಾಡು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ದಪ್ಪನಾಗಿ ಹರಡಿ ಬಡಿದ ಮಣ್ಣು. ಮಳೆಗಾಲಕ್ಕೆ ಮೊದಲು ಹತ್ತಿ ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಒಂದು ವರ್ಷ ಮೈಮರೆತರೆ ಮೊದಲ ದೊಡ್ಡ ಮಳೆಗೆ ಒಳಗೆಲ್ಲ ಕೆಸರು. ಇದು ತಿಳಿಯದೆ ಪದದಲ್ಲಿ ಅಜ್ಞಾನದ ಮಾತೇಕೆ ಬಂದಿತೆಂಬುದು ತಿಳಿಯುವುದಿಲ್ಲ. ಅಲ್ಲಿ ಸೋರಿಕೆಗೆ ಮಳೆ ಕಾರಣವಲ್ಲ, ಹತ್ತಿ ನೋಡದ ಮನೆಯವನು ಕಾರಣ. ನಾಡಹೆಂಚಿನ ಇಳಿಜಾರು ಮಾಡು, ಈಗಿನ ತಾರಸಿ ಮಾತ್ರ ಕಂಡ ನಮ್ಮ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

‘ಕೋಡಗನ ಕೋಳಿ ನುಂಗಿತ್ತ’ ಪದದ ಪಾಡು ಇನ್ನೂ ಸ್ವಾರಸ್ಯ. ಸುಬ್ಬಣ್ಣನವರ ಹಾಡಿಕೆಯಿಂದ ಮನೆಮನೆಗೆ ಹೊಕ್ಕ ಪದ ಅದು. ಸಣ್ಣದು ದೊಡ್ಡದನ್ನು ನುಂಗುವ ಒಗಟಿನ ಮಾಲೆ. ತಮಿಳು ಕಿವಿಗೆ ಅದರಲ್ಲಿ ‘ಕೋಳಿ’ ಒಂದೇ ನೆಂಟ. ಕೋತಿಗೆ ಕೋಡಗ ಎಂಬ ಹೆಸರು ಇಲ್ಲಿ ಬಳಕೆಯಲ್ಲಿಲ್ಲ. ‘ಕೊಡಗಿನ ಕೋಳಿ’ ಎಂದು ಬರೆದುಕೊಂಡ ಮಗುವಿನ ಪುಸ್ತಕವನ್ನು ನೋಡಿದ್ದೇವೆ. ಮಡಿಕೇರಿಯ ಕೋಳಿ ಎಂದು ಅದಕ್ಕೆ ಅರ್ಥವಾಗಿತ್ತು. ‘ನುಂಗು’ ಎಂದರೆ ತಮಿಳಿನಲ್ಲಿ ಬೇಸಿಗೆಯಲ್ಲಿ ರಸ್ತೆಬದಿಯಲ್ಲಿ ಮಾರುವ ತಾಟಿನಿಂಗು. ಒಟ್ಟಿನಲ್ಲಿ ಕೊಡಗಿನ ಕೋಳಿಯೊಂದು ತಾಟಿನಿಂಗು ತಿಂದಿತೆಂಬಲ್ಲಿಗೆ ತತ್ತ್ವ ಮುಗಿಯಿತು! ನಕ್ಕೆವು, ನಿಜ. ಆದರೆ ಒಗಟಿನ ಪದದಲ್ಲಿ ಮಾತಿನ ನೇರ ಅರ್ಥವೇ ತಪ್ಪಿದರೆ ಒಳ ಅರ್ಥಕ್ಕೆ ಏಣಿ ಇಡುವುದೆಲ್ಲಿ?

ಇದಕ್ಕಿಂತ ದೊಡ್ಡ ಅಪಾಯ ಲಿಪಿಯದು. ಕನ್ನಡ ಓದಲು ಬಾರದ ಮಕ್ಕಳಿಗೆ ತಾಯಂದಿರು ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಡುತ್ತಾರೆ. ಪ್ರೀತಿಯಿಂದ, ರಾತ್ರಿ ಕುಳಿತು ಬರೆಯುತ್ತಾರೆ, ಅವರನ್ನು ದೂರುವುದು ಹೇಗೆ? ಆದರೆ ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ತಕಾರ ದಕಾರಗಳಿಗೆ ಒಂದೇ, ಪಕಾರ ಬಕಾರಗಳಿಗೂ ಒಂದೇ. ಪದದ ಮೊದಲಲ್ಲಿ ಬಂದರೆ ತಮಿಳು ಓದುವ ನಾಲಿಗೆ ಅದನ್ನು ಕಕಾರವಾಗಿಯೇ ನುಡಿಯುತ್ತದೆ. ಹೀಗೆ ಗುಡುಗುಡಿ ವೇದಿಕೆಯ ಮೇಲೆ ‘ಕುಡುಗುಡಿ’ ಆಯಿತು. ತಮಿಳಿನಲ್ಲಿಯೂ ಕನ್ನಡದಲ್ಲಿಯೂ ‘ಕುಡಿ’ ಎಂದರೆ ಏನೆಂದು ಹೇಳಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಮಿಳು ಮಿತ್ರರು, ಕುಡುಕುಡುಪ್ಪೆ ಅಲ್ಲಾಡಿಸಿ ಮುಂಜಾನೆ ಭವಿಷ್ಯ ಹೇಳುವವನ ಹಾಡೇ ಇದು ಎಂದು ವಿಚಾರಿಸಿದರು. ಸೇದುವ ಗುಡುಗುಡಿ, ಅಲ್ಲಾಡಿಸುವ ಕುಡುಕುಡುಪ್ಪೆ, ಕುಡಿಯುವ ಕುಡಿತ, ಮೂರೂ ಒಂದಾದವು. ಹಾಡಿದ ಹುಡುಗಿಯ ಸ್ವರ ಶುದ್ಧವಾಗಿತ್ತು, ತಾಳ ತಪ್ಪಲಿಲ್ಲ, ಬಹುಮಾನವೂ ಬಂದಿತು.

ಕರೋಕೆ ಎಂಬ ಸಿದ್ಧ ವಾದ್ಯಧ್ವನಿಯ ಬಗ್ಗೆಯೂ ಒಂದು ಮಾತು. ಅದು ಹಾಡುವವರಿಗಾಗಿ ನಿಲ್ಲುವುದಿಲ್ಲ. ಮಗು ಉಸಿರು ತೆಗೆದುಕೊಳ್ಳಲಿ, ಒಂದು ಮಾತನ್ನು ಒತ್ತಿ ಹೇಳಲಿ ಎಂದು ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಕಾಯುತ್ತಿದ್ದರು. ಯಂತ್ರ ಕಾಯದು. ಮಗು ಅದರ ಹಿಂದೆ ಓಡುತ್ತದೆ, ಮಾತಿನ ಬಾಲಗಳು ಕತ್ತರಿಸಿಹೋಗುತ್ತವೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲವೂ ಮಾತಿನ ಬಾಲದಲ್ಲಿಯೇ ಇರುವುದು. ಬಾಲ ಹೋದರೆ ಉಳಿಯುವುದು ನಿಘಂಟು.

ಪದಕ್ಕೆ ಒಂದೇ ಮಟ್ಟು ಗೊತ್ತುಮಾಡಿಬಿಟ್ಟರೆ ಗೊಂದಲವಿಲ್ಲವಲ್ಲ ಎಂದು ಸಂಘದ ಸಭೆಯಲ್ಲಿ ಒಬ್ಬರು ಸೂಚಿಸಿದರು. ನಾಡಗೀತೆಯ ವಿಷಯದಲ್ಲಿ ಕರ್ನಾಟಕ ಸರ್ಕಾರ ಹಾಗೆಯೇ ಮಾಡಿತು. ಕುವೆಂಪು ಅವರ ಗೀತೆಗೆ ಮೈಸೂರು ಅನಂತಸ್ವಾಮಿಯವರ ಮಟ್ಟೋ ಅಶ್ವಥ್ ಅವರ ಮಟ್ಟೋ ಎಂಬ ಚರ್ಚೆ ಬಹುಕಾಲ ನಡೆದು, 2022ರಲ್ಲಿ ಅನಂತಸ್ವಾಮಿಯವರ ಮಟ್ಟನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಮಾಡಿದರು. ಸಾವಿರಾರು ಶಾಲೆಗಳಲ್ಲಿ ಎದ್ದುನಿಂತು ಒಟ್ಟಾಗಿ ಹಾಡಬೇಕಾದ ಗೀತೆಗೆ ಅದು ಬೇಕು. ಪ್ರಾರ್ಥನೆಯ ಸಾಲು ನಿಲ್ಲಿಸಿ ಅಭ್ಯಾಸವಿರುವ ನಮಗೆ ಆ ಅನುಕೂಲ ಚೆನ್ನಾಗಿ ಗೊತ್ತು. ಆದರೆ ತತ್ತ್ವಪದ ಎದ್ದುನಿಂತು ಹಾಡುವಂಥದಲ್ಲ. ಕುಳಿತು, ಒರಗಿ, ದಾರಿ ನಡೆಯುತ್ತಾ ಹಾಡುವಂಥದು. ಅದಕ್ಕೆ ಸರ್ಕಾರಿ ಮಟ್ಟು ಹಾಕುವುದು ಗಾಳಿಗೆ ಬೇಲಿ ಹಾಕಿದಂತೆ.

ನೆರೆಯ ತಮಿಳರಲ್ಲಿಯೂ ಇಂಥ ಪರಂಪರೆ ಇದೆ ಎಂಬುದನ್ನು ನಮ್ಮ ಎಳೆಯರು ಅರಿಯಬೇಕು. ಶರೀಫರಿಗಿಂತ ತುಸು ಹಿಂದಿನವರಾದ ಕುಣಂಗುಡಿ ಮಸ್ತಾನ್ ಸಾಹೇಬರು ಮುಸಲ್ಮಾನ ಸೂಫಿ, ಸಿದ್ಧರ ಧಾಟಿಯ ತಮಿಳು ಪದಗಳನ್ನು ಕಟ್ಟಿದವರು. ಶಾಲೆಯಲ್ಲಿ ಅವರ ಹೆಸರು ಕೇಳಿದ ಮಗುವಿಗೆ ಶರೀಫರನ್ನು ಪರಿಚಯಿಸುವುದು ಸುಲಭ. ತಮಿಳು ನಮ್ಮ ಮಕ್ಕಳ ಕನ್ನಡಕ್ಕೆ ಅಡ್ಡಗಲ್ಲು ಎಂದಷ್ಟೇ ಕೊರಗುವವರು ಅದನ್ನು ಮೆಟ್ಟಿಲಾಗಿಯೂ ಬಳಸಿ ನೋಡಬೇಕು. ಮಳಿಗೈ, ಮಾಳಿಗೈ, ಮಾಳಿಗೆ ಈ ಮೂರನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದರೆ ಅರ್ಧ ಗಂಟೆಯ ಒಳ್ಳೆಯ ಪಾಠ. ನಾವು ಮೊಮ್ಮಗಳಿಗೂ ಅವಳ ಗೆಳೆಯರಿಗೂ ಅದನ್ನೇ ಮಾಡಿದೆವು. ಆಮೇಲೆ ಕನ್ನಡ ಅಕ್ಷರದಲ್ಲಿ ಆ ಒಂದು ಪದವನ್ನು ಮಾತ್ರ ಕಲಿಸಿದೆವು. ವರ್ಣಮಾಲೆಯ ಮೊದಲಿನಿಂದ ಹೊರಟರೆ ಓಡಿಹೋಗುವ ಮಕ್ಕಳು, ತಮಗೆ ಬಾಯಿಪಾಠವಾಗಿರುವ ಹಾಡಿನ ಅಕ್ಷರಗಳನ್ನು ಗುರುತಿಸಲು ಪೈಪೋಟಿ ನಡೆಸಿದರು. ಅವರಿಗೆ ಅದು ಬಾಯಿಪಾಠವಾದದ್ದು ಅಶ್ವಥ್ ಅವರಿಂದಲ್ಲ, ರಘು ದೀಕ್ಷಿತ್ ಅವರಿಂದ. ಇದನ್ನು ಅವರ ಲೆಕ್ಕದಲ್ಲಿ ಜಮಾ ಹಾಕಲೇಬೇಕು.

ಕೊನೆಯದಾಗಿ ಇನ್ನೊಂದು ಮರುಗಾಯನದ ಪ್ರಸ್ತಾಪ. ಇದು ಯಾವ ಸಂಪುಟದಲ್ಲಿಯೂ ಇಲ್ಲ. ನಮ್ಮ ಭಾಗದ ದೇವಾಂಗರ ನೇಕಾರ ಬೀದಿಯ ಒಬ್ಬ ಅಜ್ಜಿ, ವಯಸ್ಸು ಎಂಬತ್ತು ದಾಟಿದೆ, ಮಾಳಿಗೆಯ ಪದವನ್ನು ಹಾಡುತ್ತಾರೆ. ಎಂದೋ ಯಾರದೋ ಟೇಪ್ ರೆಕಾರ್ಡರಿನಲ್ಲಿ ಕೇಳಿದ್ದು. ಮಟ್ಟು ಮರೆತುಹೋಗಿದೆ. ಚೌಡೇಶ್ವರಿಯ ಹಬ್ಬದಲ್ಲಿ ಹೆಂಗಸರು ಹಾಡುವ ಧಾಟಿಗೆ ಅದನ್ನು ಕೂರಿಸಿಕೊಂಡಿದ್ದಾರೆ. ಮಾಳಿಗೆ ಎಂಬಲ್ಲಿ ಅವರು ‘ಹೆಂಚು’ ಎನ್ನುತ್ತಾರೆ. ಅವರ ಮನೆಯದು ಹೆಂಚಿನ ಮಾಡು, ಕೆಳಗೆ ಗುಂಡಿಮಗ್ಗ. ಒಂದು ಹೆಂಚು ಸರಿದರೂ ಸಾಕು, ಗುಂಡಿಗೆ ನೀರು ನಿಂತು ಹಾಸು ನೆನೆದು ವಾರದ ಕೂಲಿ ಹೋಗುತ್ತಿತ್ತಂತೆ. ರಾತ್ರಿ ಮಳೆ ಬಂದರೆ ಅವರ ಯಜಮಾನರು ಮಲಗುತ್ತಿರಲಿಲ್ಲ, ಲಾಂದ್ರ ಹಿಡಿದು ಮಾಡನ್ನೇ ನೋಡುತ್ತಾ ಕುಳಿತಿರುತ್ತಿದ್ದರಂತೆ. ಅಜ್ಜಿ ಹಾಡುವಾಗ ವಾದ್ಯವಿಲ್ಲ. ನಡುವೆ ನಿಲ್ಲಿಸಿ ಸೊಸೆಗೆ ಒಲೆಯ ಬಗ್ಗೆ ಏನೋ ಹೇಳುತ್ತಾರೆ, ಮತ್ತೆ ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ಅಂಕಿತ ಮಾತ್ರ ಪೂರ್ತಿ ಬರುತ್ತದೆ. ಶಿಶುನಾಳ ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ. ಆ ಹೆಸರು ಬಂದಾಗ ಎರಡೂ ಕೈ ಕೂಡುತ್ತವೆ.

ಈ ವರ್ಷದ ಸಮ್ಮಿಲನದ ಎರಡನೆಯ ದಿನ ಸಂಜೆ ಮಕ್ಕಳು ರಘು ದೀಕ್ಷಿತ್ ಅವರ ಧಾಟಿಯಲ್ಲಿ ಹಾಡಿದ ಮೇಲೆ ಅಜ್ಜಿಯಿಂದಲೂ ಆ ಪದವನ್ನು ಹಾಡಿಸಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಹೆಂಚು ಎಂಬುದನ್ನು ಮಾಳಿಗೆ ಎಂದು ತಿದ್ದಬೇಕೆ ಎಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿದರು. ಬೇಡವೆಂದೆವು.